ಕೆಂಪು ದೀಪದ ಕೆಳಗೆ: ಅಂಚಿನಲ್ಲಿ ನಿಂತವನಿಗೂ ಬೆಳಕು ಬೇಡವೇ?



ಒಂದು ಕಾಲವಿತ್ತು. ಟಾಕೀಸಿನ ಗೇಟು ದಾಟಿದ ಕೂಡಲೇ ಗಾಜಿನ ಬಾಗಿಲಿನ ಒಂದು ಶೋಕೇಸು. ಅದರೊಳಗೆ ಗುಂಡುಸೂಜಿ ಚುಚ್ಚಿ ಸಾಲಾಗಿ ನಿಲ್ಲಿಸಿದ ಸ್ಟಿಲ್ಲುಗಳು. ಟಿಕೆಟ್ಟಿಗೆ ದುಡ್ಡು ಸಾಲದವನೂ ಆ ಗಾಜಿಗೆ ಮೂಗು ಒತ್ತಿ ಅರ್ಧ ಸಿನಿಮಾ ನೋಡಿಬಿಡುತ್ತಿದ್ದ. ಫೈಟಿಂಗ್ ಎಷ್ಟಿದೆ, ಡ್ಯುಯೆಟ್ ಎಷ್ಟಿದೆ, ಕೊನೆಗೆ ತಾಯಿ ಉಳಿಯುತ್ತಾಳೋ ಇಲ್ಲವೋ... ಎಲ್ಲ ಲೆಕ್ಕವೂ ಅಲ್ಲೇ!

ಆ ಸ್ಟಿಲ್ಲುಗಳು ಎಲ್ಲಿಂದ ಬರುತ್ತಿದ್ದವು? ಸಿನಿಮಾ ರೀಲಿನಿಂದಲೇ ಒಂದು ತುಂಡು ಕತ್ತರಿಸಿ ದೊಡ್ಡದು ಮಾಡುತ್ತಾರೆ ಎಂದು ಎಷ್ಟೋ ಜನ ತಿಳಿದಿದ್ದಾರೆ. ಅಲ್ಲ ಸ್ವಾಮಿ! ಶೂಟಿಂಗ್ ನಡೆಯುವಾಗ ಸ್ಟಿಲ್ ಫೋಟೋಗ್ರಾಫರ್ ಎಂಬ ಬೇರೊಬ್ಬ ಮನುಷ್ಯ ಬೇರೊಂದು ಕ್ಯಾಮೆರಾ ಹಿಡಿದು ನಿಂತಿರುತ್ತಾನೆ. ಡೈರೆಕ್ಟರು ಕಟ್ ಅಂದಮೇಲೆ, "ಒಂದ್ನಿಮಿಷ ಹಾಗೇ ಇರಿ ಸಾರ್" ಅಂತ ಬೇಡಿಕೊಂಡು ಕ್ಲಿಕ್ಕಿಸುವವನು ಅವನೇ. ಸಿನಿಮಾ ರೀಲಿನ ಒಂದು ಚೌಕ ಹೆಚ್ಚುಕಮ್ಮಿ 22 ಮಿ.ಮೀ. ಅಗಲ, 16 ಮಿ.ಮೀ. ಎತ್ತರ. ಹೆಬ್ಬೆರಳಿನ ಉಗುರು ದೊಡ್ಡದಿದ್ದರೆ ಮುಚ್ಚಿಹೋಗುತ್ತದೆ. ಸ್ಟಿಲ್ ಕ್ಯಾಮೆರಾದ ನೆಗೆಟಿವ್ ಅದಕ್ಕಿಂತ ದೊಡ್ಡದು. ಹಿಂದಿನವರು ಗ್ರೂಪ್ ಫೋಟೋಕ್ಕೆ ಮರದ ಸ್ಟ್ಯಾಂಡ್ ಕ್ಯಾಮೆರಾವನ್ನೇ ಹೂಡುತ್ತಿದ್ದರು. ಅದರ ಕ್ವಾರ್ಟರ್ ಪ್ಲೇಟ್ ನೆಗೆಟಿವ್ 83 ಮಿ.ಮೀ.ಗೆ 108 ಮಿ.ಮೀ. ಲೆಕ್ಕ ಹಾಕಿ ನೋಡಿ, ಸಿನಿಮಾ ಚೌಕದ 25 ಪಟ್ಟು ಜಾಗ! ಸೀರೆಯ ಜರಿ, ಹಣೆಯ ಬೆವರು, ಹಿಂದೆ ನಿಂತವನ ಅಂಗಿಯ ಹರಿದ ಗುಂಡಿ... ಎಲ್ಲವೂ ಅದರಲ್ಲಿ ಕೂತಿರುತ್ತದೆ.

ಕೂತಿರುತ್ತದೆ, ನಿಜ. ಅದನ್ನು ಹೊರಗೆ ತೆಗೆಯುವುದು ಹೇಗೆ? ಈ ವಾರದ ಮಾತು ಅದೇ.

ಪ್ರೊಜೆಕ್ಟರಿನ ತಮ್ಮ

ಎನ್‌ಲಾರ್ಜರ್ ಎಂದರೆ ಬೇರೇನೂ ಅಲ್ಲ, ನಮ್ಮ ಟಾಕೀಸಿನ ಪ್ರೊಜೆಕ್ಟರಿನ ತಮ್ಮ. ಅಣ್ಣ ಅಡ್ಡಕ್ಕೆ ನೋಡುತ್ತಾನೆ, ತಮ್ಮ ಕೆಳಕ್ಕೆ ನೋಡುತ್ತಾನೆ, ಅಷ್ಟೇ ವ್ಯತ್ಯಾಸ. ಮೇಲುಗಡೆ ದೀಪದ ಡಬ್ಬ. ಅದರ ಕೆಳಗೆ ಕಂಡೆನ್ಸರ್ ಎಂಬ ದಪ್ಪ ಗಾಜು. ಅದರಡಿ ನೆಗೆಟಿವ್. ಅದರಡಿ ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆ ಮಡಿಕೆಯಾದ ಬೆಲ್ಲೋಸ್. ಕೊನೆಗೆ ಲೆನ್ಸು. ಕೆಳಗಿನ ಹಲಗೆಯ ಮೇಲೆ ಕಾಗದ. ದೀಪ ಹಾಕಿ ಇಷ್ಟು ಸೆಕೆಂಡು ಅಂತ ಎಣಿಸಿ ಆರಿಸಿದರೆ ಕಾಗದದ ಮೇಲೆ ಕಣ್ಣಿಗೆ ಕಾಣದ ಚಿತ್ರ ಬಿದ್ದಿರುತ್ತದೆ. ಡೆವಲಪರಿನಲ್ಲಿ ಮುಳುಗಿಸಿದಾಗ ಮೆಲ್ಲಗೆ ಮೇಲೇಳುತ್ತದೆ.

ಇದರಲ್ಲಿ ಕಂಡೆನ್ಸರಿನ ಕೆಲಸವೇನು? ಬಲ್ಬಿನ ಬೆಳಕು ಎಂಟು ದಿಕ್ಕಿಗೂ ಚೆಲ್ಲುತ್ತದಲ್ಲ, ಅದನ್ನು ಒಟ್ಟುಮಾಡಿ ನೆಗೆಟಿವ್ ಮೂಲಕ ಲೆನ್ಸಿನ ಕಡೆಗೇ ಕಳಿಸುವುದು. ಆದರೆ ಆ ಗಾಜು ನೆಗೆಟಿವ್‌ನ ಮೂಲೆಯಿಂದ ಮೂಲೆಗಿಂತ ಅಗಲವಾಗಿರಬೇಕು. ನಮ್ಮಲ್ಲಿ ಹೆಚ್ಚಾಗಿ ಇದ್ದವು 6×6 ಎನ್‌ಲಾರ್ಜರುಗಳು. 120 ರೋಲಿನ ಚೌಕ ನೆಗೆಟಿವ್‌ಗೆ ಮಾಡಿದವು. ಆ ಚೌಕ 56 ಮಿ.ಮೀ.; ಮೂಲೆಯಿಂದ ಮೂಲೆಗೆ 79 ಮಿ.ಮೀ. ಕ್ವಾರ್ಟರ್ ಪ್ಲೇಟಿಗೆ ಅದೇ ಅಳತೆ 136 ಮಿ.ಮೀ.! ಚಿಕ್ಕ ಹುಡುಗನ ಚಡ್ಡಿ ಪೈಲ್ವಾನನಿಗೆ ಹಿಡಿಸುತ್ತದೆಯೇ?

ಕತ್ತರಿಯ ಸಲಹೆ

ಈ ವಿಷಯ ಬರೆಯಲು ಕಾರಣ ತಿಪಟೂರು ಕಡೆಯ ಒಬ್ಬ ತರುಣ. ಒಂದು ದಿನ ಹಳೆಯ ಬಿಸ್ಕತ್ತು ಡಬ್ಬ ಕಂಕುಳಲ್ಲಿಟ್ಟುಕೊಂಡು ಬಂದ. ಒಳಗೆ ಬಟರ್ ಪೇಪರಿನಲ್ಲಿ ಸುತ್ತಿದ ಒಂದೇ ಒಂದು ಕ್ವಾರ್ಟರ್ ಪ್ಲೇಟ್ ಫಿಲಂ ನೆಗೆಟಿವ್.

"ಸಾರ್, ಎರಡೂ ಕಡೆ ಟ್ರಿಮ್ ಮಾಡ್ಕೊಂಡು ಬಾ, 6×6ರಲ್ಲಿ ಕೂರಿಸಿ ಪ್ರಿಂಟ್ ಹಾಕ್ಕೊಡ್ತೀನಿ ಅಂದ್ರು ಒಬ್ರು. ಕತ್ತರಿ ಹಾಕೋ ಮುಂಚೆ ನಿಮ್ಮನ್ನ ಒಂದ್ಮಾತು ಕೇಳೋಣ ಅಂತ ಬಂದೆ."

ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಯಾವುದೋ ಔಟ್‌ಡೋರ್ ಶೂಟಿಂಗ್ ಮುಗಿದ ದಿನದ ಯೂನಿಟ್ ಗ್ರೂಪ್ ಫೋಟೋ. ಮೂವತ್ತಕ್ಕೂ ಮೇಲೆ ಜನ. ನಡುವೆ ಕುರ್ಚಿಗಳಲ್ಲಿ ಡೈರೆಕ್ಟರು, ನಾಯಕ, ನಾಯಕಿ. (ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ನೆಗೆಟಿವ್ ಮರೆತು ಅವರ ಹಿಂದೆ ಹೋಗಿಬಿಡುತ್ತೀರಿ!) ಬಲಗಡೆಯ ತೀರಾ ಕೊನೆಯಲ್ಲಿ, ಇನ್ನು ಎರಡು ಮಿ.ಮೀ. ಹೋಗಿದ್ದರೆ ಫಿಲಮ್ಮಿನಿಂದಲೇ ಹೊರಗೆ ಎಂಬಂಥ ಜಾಗದಲ್ಲಿ, ಬೆಳ್ಳಿ ಕಾಗದ ಅಂಟಿಸಿದ ರಿಫ್ಲೆಕ್ಟರ್ ಹಲಗೆ ಹಿಡಿದ ಒಬ್ಬ ಲೈಟ್‌ಬಾಯ್.

"ಅವರೇ ಸಾರ್ ನಮ್ ತಾತ."

ಮನೆಯಲ್ಲಿ ತಾತನದು ಬೇರೆ ಒಂದೇ ಒಂದು ಪಟವಿಲ್ಲವಂತೆ. ಅಜ್ಜಿ ಇದ್ದಾರೆ, ಕಣ್ಣು ಮಂಜು. ನೆಗೆಟಿವ್‌ನಲ್ಲಿ ತಾತನ ಮುಖ ಉದ್ದಿನಕಾಳಿನಷ್ಟು. ಅಜ್ಜಿಗೆ ಕಾಣಬೇಕಾದರೆ ದೊಡ್ಡದೇ ಆಗಬೇಕು.

ಈಗ ಆ ಕತ್ತರಿ ಸಲಹೆಯ ಲೆಕ್ಕ ನೋಡಿ. 108 ಮಿ.ಮೀ. ಉದ್ದದ ಫಿಲಂ 56 ಮಿ.ಮೀ.ಗೆ ಇಳಿಯಬೇಕಾದರೆ ಎಡಕ್ಕೆ 26, ಬಲಕ್ಕೆ 26 ಕತ್ತರಿಸಬೇಕು. ನಾಯಕ ಉಳಿಯುತ್ತಾನೆ, ನಾಯಕಿ ಉಳಿಯುತ್ತಾಳೆ. ಟಚಪ್ ಹುಡುಗ, ಅಡುಗೆಯವನು, ಜನರೇಟರ್ ವ್ಯಾನಿನ ಡ್ರೈವರು, ಲೈಟ್‌ಬಾಯ್ ತಾತ... ಎಲ್ಲರೂ ಕಸದ ಬುಟ್ಟಿಗೆ! ನಾಯಕನ ಫೋಟೋ ಸಾವಿರ ಇವೆ. ಇವರದು ಇದೊಂದೇ. ನಾನು ಮೊದಲು ಹೇಳಿದ ಮಾತು: "ತಮ್ಮಾ, ಕತ್ತರಿ ಮನೇಲೇ ಇಟ್ಟು ಬಾ. ಬೆಳಕು ಚಿಕ್ಕದಾದ್ರೆ ಬೆಳಕನ್ನ ದೊಡ್ಡದು ಮಾಡ್ಬೇಕು. ಚಿತ್ರವನ್ನ ಚಿಕ್ಕದು ಮಾಡಬಾರದು."

ಬಿಳಿಚಿಕೊಳ್ಳುವ ಭೂತ

"ಕತ್ತರಿಸೋದು ಬೇಡ, ಹೇಗೋ ಆ ಎನ್‌ಲಾರ್ಜರಿಗೇ ತುರುಕಿದರೆ?" ಅನ್ನಬಹುದು ನೀವು. ಬೆಳಕು ಅಂಚಿಗೆ ತಲುಪದಿದ್ದರೆ ಅಂಚು ಕಪ್ಪಾಗುತ್ತದೆ ಎಂದು ತಾನೇ ನಿಮ್ಮ ಊಹೆ? ಇಲ್ಲಿ ಉಲ್ಟಾ! ಕಾಗದ ಕಪ್ಪಾಗುವುದು ಬೆಳಕು ಬಿದ್ದ ಕಡೆ. ಬೆಳಕು ಬೀಳದ ಕಡೆ ಬರೀ ಬಿಳಿ. ಕಂಡೆನ್ಸರ್ ಸಾಲದೆ ಹೋದರೆ ಪ್ರಿಂಟಿನ ನಡುವೆ ಒಂದು ದುಂಡನೆಯ ಚಿತ್ರ, ಸುತ್ತ ಖಾಲಿ. ಗಡಿಯಲ್ಲಿ ನಿಂತವರು ಭೂತಗಳ ಹಾಗೆ ಬಿಳಿಚಿಕೊಂಡಿರುತ್ತಾರೆ.

ಲೆನ್ಸಿನದೂ ಒಂದು ತಕರಾರಿದೆ. ಲೆನ್ಸಿಗೆ ನೇರವಾಗಿ ಬಂದ ಬೆಳಕಿಗಿಂತ ಓರೆಯಾಗಿ ಬಂದ ಬೆಳಕು ದುರ್ಬಲ. ಎಷ್ಟು ಓರೆಯೋ ಅಷ್ಟು ದುರ್ಬಲ. 6×6ಕ್ಕೆ ಹಾಕುವ 75 ಮಿ.ಮೀ. ಲೆನ್ಸಿನಲ್ಲೇ ಕ್ವಾರ್ಟರ್ ಪ್ಲೇಟನ್ನು ಮೂರು ಪಟ್ಟು ದೊಡ್ಡದು ಮಾಡಲು ಹೊರಟರೆ, ಮೂಲೆಗೆ ಸಿಗುವ ಬೆಳಕು ನಡುವಿನ ಬೆಳಕಿನ ಅರ್ಧಕ್ಕಿಂತ ಕಮ್ಮಿ. ಅದೇ ಕೆಲಸಕ್ಕೆ 150 ಮಿ.ಮೀ. ಲೆನ್ಸು ಹಾಕಿದರೆ ಮೂಲೆಗೂ ಶೇಕಡಾ 80ರಷ್ಟು ಸಿಗುತ್ತದೆ. ಅಂದರೆ ದೊಡ್ಡ ನೆಗೆಟಿವ್‌ಗೆ ಬೇಕಾದದ್ದು ಮೂರು: ದೊಡ್ಡ ಬೆಳಕು, ಉದ್ದ ಲೆನ್ಸು, ಹಿಡಿಸುವಷ್ಟು ದೊಡ್ಡ ಮೈ. ಮೂರರಲ್ಲಿ ಒಂದು ತಪ್ಪಿದರೂ ತಾತ ಕಾಣುವುದಿಲ್ಲ.

ಮೂರ್ತಿಯವರ ಕನ್ನಡಿ, ಮಿತ್ರರ ಬಿಳಿ ಬಟ್ಟೆ

ಸಿನಿಮಾ ಪತ್ರಿಕೆಯಲ್ಲಿ ಬರೀ ಗಾಜು, ಬಲ್ಬು ಅಂದರೆ ನೀವು ಪುಟ ತಿರುಗಿಸಿಬಿಡುತ್ತೀರಿ. ಆದ್ದರಿಂದ ಇಬ್ಬರು ಘಟಾನುಘಟಿಗಳನ್ನು ಕರೆತರುತ್ತೇನೆ.

ಒಬ್ಬರು ನಮ್ಮ ಮೈಸೂರಿನವರೇ ಆದ ವಿ.ಕೆ. ಮೂರ್ತಿ. ಗುರುದತ್ತರ ಛಾಯಾಗ್ರಾಹಕ. 2008ರ ಸಾಲಿನ ದಾದಾ ಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ! 1959ರ 'ಕಾಗಜ್ ಕೆ ಫೂಲ್' ಚಿತ್ರದಲ್ಲಿ ಖಾಲಿ ಸ್ಟುಡಿಯೋದ ಕತ್ತಲೆಯನ್ನು ಸೀಳಿಕೊಂಡು ಮೇಲಿನಿಂದ ಒಂದು ಬೆಳಕಿನ ಕೋಲು ಇಳಿಯುತ್ತದಲ್ಲ, ಅದು ದೊಡ್ಡ ಲೈಟಿನ ಮಹಿಮೆಯಲ್ಲ. ಹೊರಗಿನ ಬಿಸಿಲನ್ನೇ ಕನ್ನಡಿಗಳಿಂದ ಹೊಡೆಸಿ ಒಳಗೆ ತಂದರು. ನೇರ ಬೆಳಕು, ಹರಿತವಾದ ಅಂಚು.

ಇನ್ನೊಬ್ಬರು ಸತ್ಯಜಿತ್ ರಾಯರ ಛಾಯಾಗ್ರಾಹಕ ಸುಬ್ರತ ಮಿತ್ರ. 1956ರ 'ಅಪರಾಜಿತೋ'ದಲ್ಲಿ ಕಾಶಿಯ ಮನೆಯ ಅಂಗಳ ಬರುತ್ತದೆ. ಅದು ಕಲ್ಕತ್ತೆಯ ಸ್ಟುಡಿಯೋದಲ್ಲಿ ಹಾಕಿದ ಸೆಟ್ಟು. ಅಂಗಳಕ್ಕೆ ಆಕಾಶದ ಮೆತ್ತನೆಯ ಬೆಳಕು ಬೇಕು. ಮಿತ್ರ ಏನು ಮಾಡಿದರು? ಅಂಗಳದ ಮೇಲೆ ಬಿಳಿ ಬಟ್ಟೆ ಕಟ್ಟಿಸಿ, ಲೈಟುಗಳನ್ನು ಅದರ ಕಡೆಗೆ ತಿರುಗಿಸಿದರು. ಬಟ್ಟೆಗೆ ಬಡಿದು ಹರಡಿ ಇಳಿದ ಬೆಳಕು ಮೂಲೆಮೂಲೆಗೂ ಒಂದೇ ಸಮ.

ಎನ್‌ಲಾರ್ಜರಿನಲ್ಲೂ ಇವೇ ಎರಡು ಪಂಥ. ಕಂಡೆನ್ಸರ್ ಎಂದರೆ ಮೂರ್ತಿಯವರ ದಾರಿ: ನೇರ, ಹರಿತ, ಕಪ್ಪು ಬಿಳುಪಿನ ಅಂತರ ಜೋರು. ಇನ್ನೊಂದು ಡಿಫ್ಯೂಸರ್, ಅಂದರೆ ಹಾಲುಬಣ್ಣದ ಹಾಳೆಯ ಹಿಂದೆ ದೀಪ. ಅದು ಮಿತ್ರರ ದಾರಿ. ನೆಗೆಟಿವ್‌ನ ಬೆಳ್ಳಿಯ ಕಣಗಳು ನೇರ ಬೆಳಕನ್ನು ಆಚೀಚೆ ಚದುರಿಸುತ್ತವೆ, ಆಗಲೇ ಹರಡಿದ ಬೆಳಕಿನ ಮೇಲೆ ಅವುಗಳ ಆಟ ಅಷ್ಟು ನಡೆಯುವುದಿಲ್ಲ. ಆದ್ದರಿಂದ ಎರಡನೆಯದರಲ್ಲಿ ಚಿತ್ರ ಸ್ವಲ್ಪ ಮೆದು. ಬೆಲ್ಜಿಯಂನ ಆಂದ್ರೆ ಕ್ಯಾಲಿಯೆ 1909ರಲ್ಲಿ ವಿವರಿಸಿದ ಕಾರಣ ಇವತ್ತಿಗೂ ಇದಕ್ಕೆ ಅವರ ಹೆಸರೇ ಇದೆ: ಕ್ಯಾಲಿಯೆ ಪರಿಣಾಮ.

ಮೆದುವಾದರೆ ನಷ್ಟವೇ? ಹಳೆಯ ನೆಗೆಟಿವ್‌ಗೆ ಅದು ಲಾಭ! ಗೀರು, ಧೂಳು, ಸ್ಟುಡಿಯೋದವರು ಮುಖ ಚಂದ ಮಾಡಲು ನೆಗೆಟಿವ್ ಮೇಲೆ ಎಳೆದ ಪೆನ್ಸಿಲ್ ಗೆರೆ, ಇವೆಲ್ಲ ಹರಡಿದ ಬೆಳಕಿನಲ್ಲಿ ಅಷ್ಟಾಗಿ ಕಾಣುವುದಿಲ್ಲ. ಕಳೆದುಹೋದ ಗಡಸನ್ನು ಒಂದು ಗ್ರೇಡ್ ಮೇಲಿನ ಕಾಗದದಿಂದಲೋ ಫಿಲ್ಟರಿನಿಂದಲೋ ಮರಳಿ ತರಬಹುದು. ಮತ್ತೆ 140 ಮಿ.ಮೀ. ಅಗಲದ ಕಂಡೆನ್ಸರ್ ಗಾಜನ್ನು ಹುಡುಕಿಕೊಂಡು ಎಲ್ಲಿ ಅಲೆಯೋಣ? ಸಿಕ್ಕರೂ ರುಬ್ಬುಗುಂಡಿನ ಭಾರ. ಹಾಲುಬಿಳಿ ಅಕ್ರಿಲಿಕ್ ಹಾಳೆಯಾದರೆ ಬೋರ್ಡು ಬರೆಯುವವರ ಅಂಗಡಿಯಲ್ಲೇ ಸಿಗುತ್ತದೆ.

ಕ್ಯಾಮೆರಾವೇ ಎನ್‌ಲಾರ್ಜರ್!

ನಿಮ್ಮ ಎನ್‌ಲಾರ್ಜರಿನ ಮೈ ದೊಡ್ಡದಿದ್ದು ದೀಪ ಮಾತ್ರ ಚಿಕ್ಕದಾಗಿದ್ದರೆ ಕೆಲಸ ಸುಲಭ. ಕಂಡೆನ್ಸರ್ ಎತ್ತಿಟ್ಟು ಹೊಸ ದೀಪದ ಡಬ್ಬ ಕೂರಿಸಿದರಾಯಿತು. ಆದರೆ 6×6 ಎನ್‌ಲಾರ್ಜರಿನಲ್ಲಿ ನೆಗೆಟಿವ್ ಇಡುವ ಕಿಂಡಿಯೇ ಚಿಕ್ಕದು, ಕೆಳಗಿನ ಬೆಲ್ಲೋಸೂ ಕಿರಿದು. ಅಲ್ಲಿ ದೀಪ ಎಷ್ಟು ದೊಡ್ಡದು ಮಾಡಿದರೂ ಬಾಗಿಲೇ ಸಣ್ಣದು.

ಉಪಾಯ ಇದೆ. ಆ ನೆಗೆಟಿವ್ ಹುಟ್ಟಿದ್ದು ಎಲ್ಲಿ? ಮರದ ಸ್ಟ್ಯಾಂಡ್ ಕ್ಯಾಮೆರಾದಲ್ಲಿ. ಅದರಲ್ಲಿ ಲೆನ್ಸಿನ ಜಾಗವಿದೆ, ಬೆಲ್ಲೋಸ್ ಇದೆ, ಹಿಂದೆ ದೊಡ್ಡ ಕಿಂಡಿಯಿದೆ. ಹಿಂದುಗಡೆ ಬೆಳಕು ಕೊಟ್ಟರೆ ಅದೇ ಕ್ಯಾಮೆರಾ ಎನ್‌ಲಾರ್ಜರ್! ಹೊರಗಿನ ಬೆಳಕನ್ನು ಒಳಗೆ ತಂದುಕೊಳ್ಳುತ್ತಿದ್ದ ಪೆಟ್ಟಿಗೆ ಈಗ ಒಳಗಿನ ಬೆಳಕನ್ನು ಹೊರಗೆ ಚೆಲ್ಲುತ್ತದೆ.

ಇದು ನನ್ನ ತಲೆಯಿಂದ ಹುಟ್ಟಿದ್ದೇನೂ ಅಲ್ಲ. ಕರೆಂಟು ದೀಪ ಬರುವ ಮುಂಚೆ, 1857ರಲ್ಲೇ, ಅಮೆರಿಕದ ಬಾಲ್ಟಿಮೋರಿನ ಡೇವಿಡ್ ಅಚೆಸನ್ ವುಡ್‌ವರ್ಡ್ ಎಂಬಾತ ಸೂರ್ಯನ ಬೆಳಕಿನಿಂದ ಚಿತ್ರ ದೊಡ್ಡದು ಮಾಡುವ 'ಸೋಲಾರ್ ಕ್ಯಾಮೆರಾ'ಗೆ ಪೇಟೆಂಟ್ ಪಡೆದ. ಸೂರ್ಯ ಸರಿದಂತೆಲ್ಲ ಕೂತು ತಿರುಗಿಸಬೇಕಿತ್ತು. ಮುಂದೆ ಅಮೆರಿಕದ್ದೇ ಗ್ರಾಫ್ಲೆಕ್ಸ್ ಕಂಪನಿ ತನ್ನ 4×5 ಇಂಚಿನ ಪ್ರೆಸ್ ಕ್ಯಾಮೆರಾಗಳ ಬೆನ್ನಿಗೆ ಸಿಕ್ಕಿಸುವ, ಬಿಸಿಯಾಗದ ಟ್ಯೂಬ್‌ಲೈಟಿನ ಒಂದು ದೀಪ ಮಾರಿತು. ಹೆಸರು 'ಗ್ರಾಫ್ಲಾರ್ಜರ್'. ಹಗಲು ಕ್ಯಾಮೆರಾ, ರಾತ್ರಿ ಎನ್‌ಲಾರ್ಜರ್... ಡಬಲ್ ಆಕ್ಟಿಂಗ್!

ನಮಗೆ ಸಿಕ್ಕಿದ್ದು ಮುಚ್ಚಿಹೋದ ಒಂದು ಸ್ಟುಡಿಯೋದ ಹಾಫ್ ಪ್ಲೇಟ್ ಕ್ಯಾಮೆರಾ. ಇಂಥವು ಈಗ ಹೋಟೆಲುಗಳ ಮುಂಭಾಗದಲ್ಲಿ ಶೋಪೀಸ್ ಆಗಿ ನಿಂತಿವೆ. ಇದಕ್ಕೆ ಇನ್ನೂ ಕೆಲಸ ಮಾಡುವ ಯೋಗವಿತ್ತು.

ದೀಪದ ಡಬ್ಬ ಮಾಡುವ ಬಗೆ

ಈಗ ಪೆನ್ನು ಹಿಡಿದುಕೊಳ್ಳಿ.

ಮೊದಲು ಅಳತೆ. ಬೆಳಕಿನ ಹಾಳೆ ನೆಗೆಟಿವ್‌ಗಿಂತ ನಾಲ್ಕೂ ಕಡೆ 25 ಮಿ.ಮೀ. ಹೆಚ್ಚಿರಲಿ. ಕ್ವಾರ್ಟರ್ ಪ್ಲೇಟಿಗೆ ಹೆಚ್ಚುಕಮ್ಮಿ 135ಕ್ಕೆ 160 ಮಿ.ಮೀ. ಪ್ಲೈವುಡ್ಡಿನ ಒಂದು ಪೆಟ್ಟಿಗೆ ಮಾಡಿಸಿ. ಒಳಗೆ ಹೊಳಪಿಲ್ಲದ ಬಿಳಿ ಬಣ್ಣ ಹೊಡೆಯಿರಿ. ಬೆಳ್ಳಿ ಕಾಗದ ಅಂಟಿಸಬೇಡಿ, ಅದು ಅಲ್ಲಲ್ಲಿ ಹೊಳೆದು ಮಚ್ಚೆ ಹಾಕುತ್ತದೆ.

ಪೆಟ್ಟಿಗೆಯ ಹಿಂಬದಿಗೆ ಅಲ್ಯೂಮಿನಿಯಂ ತಗಡು. ಅದರ ಮೇಲೆ 12 ವೋಲ್ಟಿನ ಎಲ್‌ಇಡಿ ಪಟ್ಟಿಗಳನ್ನು ಸಾಲಾಗಿ ಅಂಟಿಸಿ. ಸಾಲಿಗೂ ಸಾಲಿಗೂ 15 ಮಿ.ಮೀ. ಇದ್ದರೆ ಸಾಕು. ತಂಪು ಬಿಳಿ ಬೆಳಕಿನದೇ ತನ್ನಿ. ಕಪ್ಪು ಬಿಳುಪು ಕಾಗದಕ್ಕೆ ಬೇಕಾದದ್ದು ನೀಲಿ ಮತ್ತು ಹಸಿರು. ಹಳದಿ ಛಾಯೆಯ ಎಲ್‌ಇಡಿಯಲ್ಲಿ ನೀಲಿ ಕಮ್ಮಿ, ಪ್ರಿಂಟು ಸಪ್ಪೆ ಸಪ್ಪೆ.

ಎಲ್‌ಇಡಿಯಿಂದ 40 ಮಿ.ಮೀ. ದೂರಕ್ಕೆ ಮೊದಲ ಹಾಲುಬಿಳಿ ಅಕ್ರಿಲಿಕ್. ಪಟ್ಟಿಗಳ ನಡುವಿನ ಅಂತರದ ಎರಡು ಪಟ್ಟಾದರೂ ದೂರವಿದ್ದರೆ ಚುಕ್ಕಿ ಚುಕ್ಕಿ ಕಾಣದೆ ಬೆಳಕು ಬೆರೆಯುತ್ತದೆ. ಅಲ್ಲಿಂದ 25 ಮಿ.ಮೀ. ಮುಂದೆ ಎರಡನೆಯ ಹಾಳೆ. ಮತ್ತೆ 25 ಮಿ.ಮೀ. ಮುಂದೆ ನೆಗೆಟಿವ್. ಹಾಳೆಯನ್ನು ನೆಗೆಟಿವ್‌ಗೆ ತಾಗಿಸಿ ಇಟ್ಟರೆ ಹಾಳೆಯ ಮೇಲಿನ ಧೂಳೂ ನೀಟಾಗಿ ಪ್ರಿಂಟಾಗುತ್ತದೆ! ದೂರವಿದ್ದರೆ ಅದು ಮಸುಕಾಗಿ ಮಾಯ.

ದೊಡ್ಡ ನೆಗೆಟಿವ್ ನಡುವೆ ಬಾಗುತ್ತದೆ. ಎರಡು ತೆಳು ಗಾಜುಗಳ ನಡುವೆ ಇಡಿ. ಮಂಕಾದ ಮೈ ಲೆನ್ಸಿನ ಕಡೆ, ಹೊಳಪಿನ ಮೈ ದೀಪದ ಕಡೆ. ಇಲ್ಲದಿದ್ದರೆ ಎಡ ಬಲವಾಗಿ ರಿಫ್ಲೆಕ್ಟರ್ ಇನ್ನೊಂದು ಕೈಗೆ ಹೋಗುತ್ತದೆ. ಹೊಳಪಿನ ಮೈಗೆ ಗಾಜು ತಾಗಿದ ಕಡೆ ನೀರಿನ ಮೇಲೆ ಎಣ್ಣೆ ಹರಡಿದ ಹಾಗೆ ಬಣ್ಣದ ಉಂಗುರ ಏಳಬಹುದು. ಆ ಕಡೆಗೆ ಸೂಕ್ಷ್ಮವಾಗಿ ತರಿಯಾಗಿಸಿದ ಗಾಜು ಹಾಕಿದರೆ ಉಂಗುರ ಏಳುವುದಿಲ್ಲ.

ನೆಗೆಟಿವ್ ಸುತ್ತ ಕಪ್ಪು ಕಾಗದದ ಚೌಕಟ್ಟು. ಪೆಟ್ಟಿಗೆ ಮತ್ತು ಕ್ಯಾಮೆರಾ ಕೂಡುವಲ್ಲಿ ಕಪ್ಪು ಬಟ್ಟೆ. ಒಂದು ಗೆರೆ ಬೆಳಕೂ ಸೋರಬಾರದು.

ಲೆನ್ಸು 150 ಮಿ.ಮೀ.ನದು. ಪ್ಲೈವುಡ್ ಹಲಗೆಗೆ ಕೂರಿಸಿ ಕ್ಯಾಮೆರಾದ ಮೂತಿಗೆ ಹಾಕಿ. ಮೂರು ಪಟ್ಟು ದೊಡ್ಡದಾಗಬೇಕೆಂದರೆ ನೆಗೆಟಿವ್‌ನಿಂದ ಲೆನ್ಸಿಗೆ 200 ಮಿ.ಮೀ., ಲೆನ್ಸಿನಿಂದ ಕಾಗದಕ್ಕೆ 600 ಮಿ.ಮೀ. ಅಂದರೆ ಎರಡು ಅಡಿ! ಮೇಜು ಗೋಡೆಗೆ ಹತ್ತಿಸಿ ಇಟ್ಟರೆ ಸಾಕು, ಕಾಗದವನ್ನು ಗೋಡೆಯ ಹಲಗೆಗೆ ಪಿನ್ ಮಾಡಬಹುದು. ಚಿತ್ರ ಸೊಟ್ಟಗಿದೆಯೇ ಎಂದು ನೋಡಲು ಬಡಗಿಯ ಉಪಾಯ ಮಾಡಿ: ಗೋಡೆಯ ಮೇಲೆ ಬಿದ್ದ ಚೌಕದ ಎರಡು ಮೂಲೆಗೆರೆಗಳನ್ನು ದಾರದಿಂದ ಅಳೆಯಿರಿ. ಎರಡೂ ಒಂದೇ ಆಗುವವರೆಗೆ ಕ್ಯಾಮೆರಾ ಸರಿಪಡಿಸಿ.

ಇನ್ನೊಂದು ಮಾತು. ಬೆಳಕು ಹೆಚ್ಚಾಯಿತು ಅಂತ ಎಲ್‌ಇಡಿಗೆ ಡಿಮ್ಮರ್ ಹಾಕಬೇಡಿ. ಬಹಳಷ್ಟು ಡಿಮ್ಮರುಗಳು ಬೆಳಕನ್ನು ನಿಜವಾಗಿ ತಗ್ಗಿಸುವುದಿಲ್ಲ, ಕಣ್ಣಿಗೆ ಗೊತ್ತಾಗದಷ್ಟು ಬೇಗ ಆರಿಸಿ ಹಚ್ಚುತ್ತಿರುತ್ತವೆ. ಕಮ್ಮಿ ಸೆಕೆಂಡಿನ ಕೆಲಸದಲ್ಲಿ ಲೆಕ್ಕ ಏರುಪೇರಾಗುತ್ತದೆ. ಲೆನ್ಸಿನ ಕಿಂಡಿಯನ್ನೇ ಎಫ್ 11ಕ್ಕೆ ಇಳಿಸಿ.

ಐದು ತುಂಡಿನ ಪರೀಕ್ಷೆ

ದೀಪ ಹಚ್ಚಿ ಗೋಡೆ ನೋಡಿದರೆ "ಆಹಾ, ಎಲ್ಲ ಕಡೆ ಒಂದೇ ಸಮ!" ಅನ್ನಿಸುತ್ತದೆ. ಕಣ್ಣನ್ನು ನಂಬಬೇಡಿ. ಕಣ್ಣು ಅಭಿಮಾನಿಯ ಹಾಗೆ, ತನಗೆ ಬೇಕಾದ್ದನ್ನೇ ನೋಡುತ್ತದೆ. ಕಾಗದವನ್ನು ಕೇಳಿ.

ನೆಗೆಟಿವ್ ತೆಗೆದು ಖಾಲಿ ಗಾಜು ಇಡಿ. ಫೋಟೋ ಕಾಗದದ ಐದು ಚಿಕ್ಕ ತುಂಡು ಮಾಡಿ, ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು ಪಿನ್ ಮಾಡಿ. ಬೆನ್ನಿಗೆ ನಂಬರು ಬರೆದಿರಲಿ. ತಿಳಿ ಬೂದುಬಣ್ಣ ಬರುವಷ್ಟೇ ಹೊತ್ತು ಬೆಳಕು ಕೊಟ್ಟು ಐದನ್ನೂ ಒಟ್ಟಿಗೇ ಡೆವಲಪ್ ಮಾಡಿ. ಒಣಗಿದ ಮೇಲೆ ಪಕ್ಕಪಕ್ಕ ಇಟ್ಟು ನೋಡಿ. ಮೂಲೆಯ ತುಂಡುಗಳು ನಡುವಿನದಕ್ಕಿಂತ ಬಿಳಿಯಾಗಿದ್ದರೆ ಬೆಳಕು ಅಂಚಿಗೆ ಸಾಲುತ್ತಿಲ್ಲ ಎಂದರ್ಥ.

ನಮ್ಮ ಹುಡುಗ ಮಾಡಿದ ಮೊದಲ ಪರೀಕ್ಷೆಯಲ್ಲಿ ಮೂಲೆಗಳು ಚೂರು ಬಿಳಿಚಿದ್ದವು. ಅದು ಲೆನ್ಸಿನ ಹುಟ್ಟುಗುಣ. ಶೇಕಡಾ 20ರ ಆ ಕೊರತೆ ಎಲ್ಲಿಗೆ ಹೋಗುತ್ತದೆ? ಅಂಚಿನ ನಾಲ್ಕೂ ಕಡೆಗೆ ಇನ್ನೊಂದು ಸಾಲು ಎಲ್‌ಇಡಿ ಸೇರಿಸಿದೆವು. ಎರಡನೆಯ ಪರೀಕ್ಷೆಯಲ್ಲಿ ಐದು ತುಂಡನ್ನು ಕಲೆಸಿ ಕೈಗೆ ಕೊಟ್ಟು, "ನಡುವಿನದು ಯಾವ್ದು ಹೇಳು" ಅಂದೆ. ಹೇಳಲು ಅವನಿಗಾಗಲಿಲ್ಲ. ಪಾಸ್!

ಬೆಂಕಿಯ ವಿಷಯ

ಈ ಭಾಗ ಮಾತ್ರ ದಯವಿಟ್ಟು ಎರಡು ಸಲ ಓದಿ. ಹಳೆಯ ಫಿಲಮ್ಮುಗಳಲ್ಲಿ ನೈಟ್ರೇಟ್ ಎಂಬ ಜಾತಿ ಇದೆ. ಸಿನಿಮಾ ರೀಲುಗಳು 1950ರ ದಶಕದ ಆರಂಭದವರೆಗೂ ಅದರಲ್ಲೇ ಬರುತ್ತಿದ್ದವು. ಹೊತ್ತಿಕೊಂಡರೆ ನೀರು ಹಾಕಿದರೂ ಆರುವುದಿಲ್ಲ. 2003ರ ಜನವರಿಯಲ್ಲಿ ಪುಣೆಯ ಫಿಲಂ ಇನ್‌ಸ್ಟಿಟ್ಯೂಟಿನ ಆವರಣದಲ್ಲಿ ಬೆಂಕಿ ಬಿದ್ದು, ಅಲ್ಲಿಟ್ಟಿದ್ದ ನೈಟ್ರೇಟ್ ರೀಲುಗಳು ಸುಟ್ಟುಹೋದವು. ನಮ್ಮ ಮೊದಲ ವಾಕ್ಚಿತ್ರ, 1934ರ 'ಸತಿ ಸುಲೋಚನಾ', ಅದರದೂ ಇವತ್ತು ನೋಡಲು ಒಂದು ಪ್ರತಿ ಇಲ್ಲ. ಹೋದದ್ದು ಹೋಯಿತು ಅಂದರೆ ಹೋಯಿತೇ.

ನಿಮ್ಮ ನೆಗೆಟಿವ್‌ನ ಅಂಚಿನಲ್ಲಿ 'ಸೇಫ್ಟಿ' ಎಂಬ ಇಂಗ್ಲಿಷ್ ಅಕ್ಷರ ಇದೆಯೇ ನೋಡಿ. ಇದ್ದರೆ ಸರಿ. ಇಲ್ಲದೆ, ಹಳದಿಯಾಗಿ, ಅಂಟಂಟಾಗಿ, ಖಾರವಾದ ಕೆಟ್ಟ ವಾಸನೆ ಬರುತ್ತಿದ್ದರೆ ದೀಪದ ಹತ್ತಿರ ಒಯ್ಯಲೇಬೇಡಿ. ತಂಪಾದ, ಗಾಳಿಯಾಡುವ ಜಾಗದಲ್ಲಿ ಬೇರೆ ಇಟ್ಟು ಫಿಲಂ ಸಂಗ್ರಹಾಲಯದವರಂಥ ತಿಳಿದವರನ್ನು ಕೇಳಿ. ವಿನಿಗರ್ ವಾಸನೆ ಬಂದರೆ ಅದು ಸೇಫ್ಟಿ ಫಿಲಮ್ಮೇ ಹಳಸುತ್ತಿರುವ ಗುರುತು. ಅದಕ್ಕೆ ಬೆಂಕಿಯ ಭಯವಿಲ್ಲ, ಆದರೆ ದಿನ ಕಮ್ಮಿ. ಬೇಗ ಕಾಪಿ ಮಾಡಿಕೊಳ್ಳಿ.

ಹಳೆಯ ಬಲ್ಬಿನ ದೀಪಕ್ಕಿಂತ ಎಲ್‌ಇಡಿ ಒಳ್ಳೆಯದು ಅನ್ನಲು ಇದೂ ಒಂದು ಕಾರಣ. 150 ವ್ಯಾಟ್ ಬಲ್ಬಿನ ಕಾವಿಗೆ ನೆಗೆಟಿವ್ ಬಾಗಿ ಫೋಕಸ್ಸೇ ತಪ್ಪುತ್ತದೆ. ಎಲ್‌ಇಡಿಗೆ ಆ ಕಾವಿಲ್ಲ. ಮತ್ತೆ ಡಾರ್ಕ್‌ರೂಮಿನಲ್ಲಿ ಕೈ ಸದಾ ಒದ್ದೆ. 12 ವೋಲ್ಟು ಏನೂ ಮಾಡುವುದಿಲ್ಲ, ಆದರೆ ಗೋಡೆಗೆ ಸಿಕ್ಕಿಸುವ ಅಡಾಪ್ಟರು 230 ವೋಲ್ಟಿನದು. ಅದು ಟ್ರೇಗಳಿಂದ ದೂರ ಇರಲಿ.

ಪ್ರಿಂಟು ಮೇಲೆದ್ದಾಗ

12×16 ಇಂಚಿನ ಕಾಗದ ತಂದೆವು. ಮೂರು ಪಟ್ಟಿಗೆ ಚಿತ್ರ ಹತ್ತಕ್ಕೆ ಹದಿಮೂರು ಇಂಚಿನ ಹತ್ತಿರ ಬರುತ್ತದೆ. ಸುತ್ತ ಬಿಳಿ ಅಂಚು ಉಳಿಯುತ್ತದೆ. ಬೇಕೆಂದೇ ಹಾಗೆ. ಚಿತ್ರದ ಒಂದು ಕೂದಲೂ ಹೊರಗೆ ಹೋಗಬಾರದಿತ್ತು. ಐದೈದು ಸೆಕೆಂಡಿನ ಟೆಸ್ಟ್ ಪಟ್ಟಿ ಮಾಡಿ ನೋಡಿದಾಗ 20 ಸೆಕೆಂಡಿನ ಆಸುಪಾಸು ಸರಿ ಬಂತು.

ಕೆಂಪು ದೀಪದಡಿ ಡೆವಲಪರಿನ ಟ್ರೇ ಅಲುಗಿಸುತ್ತಾ ನಿಂತಿದ್ದವನು ಹುಡುಗನೇ. ಮೊದಲು ನಾಯಕನ ಕಪ್ಪು ಕೂದಲು ಬಂತು. ಆಮೇಲೆ ಡೈರೆಕ್ಟರ ಕನ್ನಡಕ. ಹುಡುಗ ಅವರನ್ನು ನೋಡಲೇ ಇಲ್ಲ. ಬಲಗಡೆಯ ತುದಿಗೇ ಕಣ್ಣು. ಅಲ್ಲೂ ಅಷ್ಟೇ ಹೊತ್ತಿಗೆ, ಅಷ್ಟೇ ಕಪ್ಪಾಗಿ, ಒಬ್ಬ ತೆಳ್ಳನೆಯ ಮನುಷ್ಯ ಕಣ್ಣು ಕಿರಿದು ಮಾಡಿ ಬಿಸಿಲಲ್ಲಿ ನಿಂತಿದ್ದ. ಬನಿಯನ್ನಿನ ತೂತು, ಕೊರಳಿನ ದಾರ, ರಿಫ್ಲೆಕ್ಟರ್ ಹಿಡಿದ ಬೆರಳುಗಳು... ಒಂದೂ ತಪ್ಪಿರಲಿಲ್ಲ.

ಹುಡುಗ ಮಾತಾಡಲಿಲ್ಲ. ಅಲುಗಿಸುವುದನ್ನು ಮಾತ್ರ ನಿಲ್ಲಿಸಲಿಲ್ಲ. ಒಳ್ಳೆಯ ಡಾರ್ಕ್‌ರೂಂ ಕೆಲಸಗಾರನಾಗುತ್ತಾನೆ ಅನ್ನಿಸಿತು.

ವಾರದ ಮೇಲೆ ಫೋನ್ ಮಾಡಿದ. ಅಜ್ಜಿ ಪ್ರಿಂಟನ್ನು ಕಣ್ಣಿಗೆ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರಂತೆ. ನಾಯಕ ಯಾರು ಅಂತ ಕೇಳಲೂ ಇಲ್ಲವಂತೆ. ಕೊನೆಗೆ ಬೈದರಂತೆ: "ಅಷ್ಟು ಬಿಸ್ಲಲ್ಲಿ ತಲೆ ಮೇಲೊಂದು ಟವಲ್ ಹಾಕ್ಕೊಳ್ಳೋ ಬುದ್ಧಿ ಇರ್ಲಿಲ್ಲ ನೋಡು ಅವರಿಗೆ!"

ಸ್ಕ್ಯಾನ್ ಮಾಡಿದರೆ ಆಗದೇ?

ಇದನ್ನು ನೀವು ಕೇಳೇ ಕೇಳುತ್ತೀರಿ. ಆಗುತ್ತದೆ, ಖಂಡಿತ ಮಾಡಿ! ಎರಡೂ ಮಾಡಿ. ಈ ದೀಪದ ಡಬ್ಬ ಅದಕ್ಕೂ ಬರುತ್ತದೆ. ನೆಗೆಟಿವ್ ಇಟ್ಟು, ಸುತ್ತ ಕಪ್ಪು ಕಾಗದ ಮುಚ್ಚಿ, ಮೊಬೈಲನ್ನು ಅಲುಗಾಡದ ಹಾಗೆ ನಿಲ್ಲಿಸಿ ಫೋಟೋ ತೆಗೆದು, ಬಣ್ಣ ಉಲ್ಟಾ ಮಾಡಿದರೆ ನಿಮಿಷದಲ್ಲಿ ಒಂದು ಕಾಪಿ ಸಿದ್ಧ. ಆದರೆ ಮೊಬೈಲು ಕಳೆಯುತ್ತದೆ, ಮೆಮೊರಿ ಕಾರ್ಡು ಕೆಡುತ್ತದೆ. ಸರಿಯಾಗಿ ಫಿಕ್ಸ್ ಮಾಡಿ ಚೆನ್ನಾಗಿ ತೊಳೆದ ಬೆಳ್ಳಿಯ ಪ್ರಿಂಟು ಗೋಡೆಯ ಮೇಲೆ ತಲೆಮಾರುಗಟ್ಟಲೆ ಇರುತ್ತದೆ. ಊಟಿಯ ಹಿಂದೂಸ್ತಾನ್ ಫೋಟೋ ಫಿಲಂಸ್ ಮುಚ್ಚಿ 'ಇಂದು' ಕಾಗದ ಹೋಯಿತು, ನಿಜ. ಆದರೆ ಇಂಗ್ಲೆಂಡಿನ ಇಲ್ಫೋರ್ಡ್, ಜೆಕ್ ದೇಶದ ಫೋಮಾ ಇವತ್ತಿಗೂ ಕಪ್ಪು ಬಿಳುಪು ಕಾಗದ ಮಾಡುತ್ತಿವೆ. ದುಬಾರಿ. ಆದ್ದರಿಂದಲೇ ಟೆಸ್ಟ್ ತುಂಡು ಚಿಕ್ಕದಿರಲಿ ಅಂದಿದ್ದು!

ಈ ಭಾನುವಾರ ಒಂದು ಕೆಲಸ ಮಾಡಿ. ಅಟ್ಟದ ಮೇಲಿನ ಟ್ರಂಕು ಇಳಿಸಿ. ಊರಲ್ಲಿ ಮುಚ್ಚಿದ ಸ್ಟುಡಿಯೋ ಇದ್ದರೆ ಅವರ ಮಕ್ಕಳನ್ನು ಮಾತಾಡಿಸಿ. ನೆಗೆಟಿವ್ ಸಿಕ್ಕರೆ ಬೆರಳು ತಾಗಿಸದೆ ಅಂಚು ಹಿಡಿದು ಬೆಳಕಿಗೆ ಎತ್ತಿ. ಮೊದಲು ನಡುವೆ ನೋಡಬೇಡಿ. ಎರಡು ಕೊನೆ ನೋಡಿ. ಯಾರದೋ ಮನೆಯಲ್ಲಿ ಆ ಮುಖಕ್ಕೆ ಯಾರೋ ಕಾಯುತ್ತಿರಬಹುದು. ಅಳತೆ ದೊಡ್ಡದಾಯಿತು ಅಂತ ಯಾರಾದರೂ ಕತ್ತರಿ ಕೊಟ್ಟರೆ ಏನು ಹೇಳಬೇಕೆಂದು ನಿಮಗೆ ಈಗ ಗೊತ್ತಿದೆ.

ಮುಂದಿನ ವಾರ: ಪ್ರಿಂಟನ್ನು ಎಷ್ಟು ಹೊತ್ತು ತೊಳೆಯಬೇಕು? ನಲ್ಲಿಯಲ್ಲಿ ನೀರೇ ಬರದ ಊರಿನವರು ಏನು ಮಾಡಬೇಕು? ಅಲ್ಲಿಯವರೆಗೆ ನಮಸ್ಕಾರ!